ಸ್ಪೀಕರ್ ಮೇಲೆ ಎಣ್ಣೆ ಹನಿಯನ್ನು ನಡೆಸುವುದು ಹೇಗೆ?

ಎಣ್ಣೆಗೆ ಎಣ್ಣೆ ಹನಿ ಬಿದ್ದರೆ ಅಲ್ಲೇ ಸೇರಿಹೋಗುತ್ತದೆ, ಅಲ್ವಾ? ಕೆಳಗಿನ ಎಣ್ಣೆ ಜೋರಾಗಿ ಅದುರುತ್ತಿದ್ದರೆ ಹಾಗಾಗುವುದಿಲ್ಲ. ನಡುವೆ ಸಿಕ್ಕಿಬಿದ್ದ ತೆಳು ಗಾಳಿಪದರ ಜಾರಿಹೋಗುವಷ್ಟರಲ್ಲಿ ಹನಿ ಮತ್ತೆ ಮೇಲಕ್ಕೆ ಹಾರಿರುತ್ತದೆ. ಇಂಥ ಹನಿ ತಾನೇ ಎಬ್ಬಿಸಿದ ಅಲೆಯ ಆಸರೆಯಲ್ಲಿ ನಡೆಯುತ್ತದೆ ಅಂತ 2005ರಲ್ಲಿ ಪ್ಯಾರಿಸ್‌ನ ಭೌತವಿಜ್ಞಾನಿಗಳಾದ ಈವ್ ಕುಡೇರ್, ಎಮಾನ್ಯುಯೆಲ್ ಫೋರ್ ಮತ್ತು ಸಂಗಡಿಗರು ತೋರಿಸಿದರು. ಕಣವೂ ಅಲೆಯೂ ಜೊತೆಜೊತೆಗೆ!

ಬೇಕಾದ್ದು ಇಷ್ಟು: ಹಳೇ ವೂಫರ್ (ದಪ್ಪ ಸದ್ದಿನ ದೊಡ್ಡ ಸ್ಪೀಕರ್), ಆಂಪ್ಲಿಫೈಯರ್, ಫೋನಿನಲ್ಲಿ ಟೋನ್ ಜನರೇಟರ್ ಆ್ಯಪ್, ಅಗಲವಾದ ಹಗುರ ತಟ್ಟೆ, 20 ಸೆಂಟಿಸ್ಟೋಕ್ಸ್‌ನ (ಇದು ಎಣ್ಣೆಯ ಸ್ನಿಗ್ಧತೆಯ, ಅಂದರೆ ಮಂದತನದ ಅಳತೆ) ಸಿಲಿಕೋನ್ ಎಣ್ಣೆ. ನೀರು ಬೇಡ, ಅದರ ಮೇಲ್ಮೈ ಬೇಗ ಕೊಳೆಯಾಗುತ್ತದೆ.

ವೂಫರನ್ನು ಮುಖ ಮೇಲಾಗಿ ಇಟ್ಟು, ನಟ್ಟನಡುವೆ ಬಾಟಲಿ ಮುಚ್ಚಳ ಅಂಟಿಸಿ, ಅದರ ಮೇಲೆ ತಟ್ಟೆ ಕೂರಿಸಿ. ತಟ್ಟೆ ಸಮಮಟ್ಟ ಇರಲೇಬೇಕು. ಅರ್ಧ ಸೆಂಟಿಮೀಟರ್‌ನಷ್ಟು ಎಣ್ಣೆ ಹಾಕಿ. ಫ್ಯಾನ್ ಆಫ್ ಮಾಡಿ, ಗಾಳಿ ತಾಗಿದರೆ ಹನಿ ದಿಕ್ಕುತಪ್ಪುತ್ತದೆ.

ಈಗ ಆ್ಯಪ್‌ನಲ್ಲಿ 80 ಹರ್ಟ್ಸ್ ಇಟ್ಟು ವಾಲ್ಯೂಮ್ ನಿಧಾನವಾಗಿ ಏರಿಸಿ. ಗುಂಯ್ ಸದ್ದಿಗೆ ಮನೆಯವರು ಬೈಯಬಹುದು, ಇರಲಿ. ಒಂದು ಹಂತದಲ್ಲಿ ಎಣ್ಣೆಯ ತುಂಬಾ ತಾನಾಗಿಯೇ ಸಣ್ಣ ಅಲೆಗಳು ಏಳುತ್ತವೆ. ಇವು ವಿಜ್ಞಾನಿ ಫ್ಯಾರಡೆ 1831ರಲ್ಲಿ ವಿವರಿಸಿದ ಅಲೆಗಳು. ಅಲ್ಲಿಂದ ವಾಲ್ಯೂಮನ್ನು ಒಂದೇ ಒಂದು ಚೂರು ಇಳಿಸಿ, ಮೇಲ್ಮೈ ಮತ್ತೆ ನುಣುಪಾಗಲಿ. ಇಡೀ ಆಟ ನಿಂತಿರುವುದು ಇಲ್ಲೇ. ಜಾಸ್ತಿ ಇಳಿಸಿದರೆ ಹನಿ ನಿಂತಲ್ಲೇ ಕುಣಿಯುತ್ತದೆ, ಏರಿಸಿದರೆ ಅಲೆಗಳ ಗದ್ದಲದಲ್ಲಿ ಕಳೆದೇಹೋಗುತ್ತದೆ.

ಟೂತ್‌ಪಿಕ್ ಅದ್ದಿ ಚಕ್ಕನೆ ಮೇಲೆತ್ತಿ. ಬಾಲದಂತೆ ಎದ್ದ ಎಣ್ಣೆ ತುಂಡಾಗಿ ಹನಿ ಉದುರುತ್ತದೆ. ಮಿಲಿಮೀಟರಿಗಿಂತ ತುಸು ಚಿಕ್ಕದು ಸಿಗುವ ತನಕ ಬಿಡಬೇಡಿ. ಸರಿಯಾದ ಹನಿ ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ವೇಗದಲ್ಲಿ ಹೊರಟುಬಿಡುತ್ತದೆ. ಪಕ್ಕದಿಂದ ಟಾರ್ಚ್ ಬಿಟ್ಟರೆ ಸುತ್ತಲಿನ ಅಲೆಯೂ ಕಾಣುತ್ತದೆ. ಅಂಚಿನ ಹತ್ತಿರ ಬಂದ ಹನಿ ಗೋಡೆ ಮುಟ್ಟದೆಯೇ ತಿರುಗುತ್ತದೆ, ಯಾಕೆಂದರೆ ಅಲ್ಲಿಗೆ ಮೊದಲು ಮುಟ್ಟಿದ್ದು ಅದರ ಅಲೆ. ಎರಡು ಹನಿ ಬಿಟ್ಟು ನೋಡಿ: ಅದೃಷ್ಟವಿದ್ದರೆ ಒಂದನ್ನೊಂದು ಸುತ್ತುತ್ತವೆ, ಅದೂ ಕೆಲವೇ ನಿರ್ದಿಷ್ಟ ಅಂತರಗಳಲ್ಲಿ, ನಡುವಿನ ಅಂತರದಲ್ಲಿ ನಿಲ್ಲುವುದೇ ಇಲ್ಲ.

ಇದನ್ನು ನೋಡಿ, ಎಲೆಕ್ಟ್ರಾನಿನಂಥ ಕಣಗಳು ಅಲೆಗಳಂತೆಯೂ ನಡೆದುಕೊಳ್ಳುವ ಕ್ವಾಂಟಮ್ ರಹಸ್ಯ ಬಯಲಾಯಿತು ಅಂತ ವಿಡಿಯೋ ಹಾಕಬೇಡಿ. ಎರಡು ಸೀಳುಗಳ ಮೂಲಕ ಹನಿ ಬಿಟ್ಟಾಗ ಎಲೆಕ್ಟ್ರಾನುಗಳು ಮೂಡಿಸುವಂಥದ್ದೇ ಪಟ್ಟೆಗಳು ಸಿಕ್ಕವು ಅಂತ ಪ್ಯಾರಿಸ್ ತಂಡ 2006ರಲ್ಲಿ ಹೇಳಿತ್ತು. ಮುಂದೆ ಡೆನ್ಮಾರ್ಕಿನವರೂ ಅಮೆರಿಕದ ಎಂಐಟಿಯ ಜಾನ್ ಬುಷ್ ತಂಡವೂ ಮಾಡಿ ನೋಡಿದಾಗ ಅವು ಹಾಗೆ ಸಿಗಲಿಲ್ಲ.

ಆಟ ಮುಗಿದ ಮೇಲೆ ಎಣ್ಣೆ ಚೆಲ್ಲಬೇಡಿ, ಧೂಳು ಬೀಳದಂತೆ ಬಾಟಲಿಗೆ ತುಂಬಿಟ್ಟರೆ ಮತ್ತೆ ಬರುತ್ತದೆ.