ಕಡಿಮೆ ಗೆರೆಗಳಲ್ಲಿ ಶಂಕರಣ್ಣ

ಹುಬ್ಬಳ್ಳಿಯಲ್ಲಿ ಶಂಕರ್ ನಾಗ್ ಮುಖ ಹುಡುಕಿಕೊಂಡು ಎಲ್ಲೂ ಹೋಗಬೇಕಿಲ್ಲ. ಚೆನ್ನಮ್ಮ ಸರ್ಕಲ್‌ನಲ್ಲಿ ಸುಮ್ನೆ ನಿಂತರೆ ಸಾಕು, ಯಾವುದಾದರೂ ಆಟೋ ಆ ಮುಖವನ್ನು ಬೆನ್ನಿಗೆ ಹಚ್ಚಿಕೊಂಡು ಹೋಗುತ್ತಿರುತ್ತದೆ. ಅವರು ಆಟೋ ಓಡಿಸುವವನಾಗಿ ನಟಿಸಿದ 'ಆಟೋ ರಾಜ' ಸಿನಿಮಾ ಬಂದದ್ದು 1980ರಲ್ಲಿ, ಇವತ್ತಿಗೂ ಆ ಮುಖ ಆಟೋದಿಂದ ಇಳಿದಿಲ್ಲ. ಕಡಿಮೆ ಗೆರೆಗಳಲ್ಲಿ ಪೆನ್ಸಿಲ್ ಚಿತ್ರ ಬರೆಯೋಣ ಅಂದಾಗ, ಇಷ್ಟು ಪರಿಚಯದ ಮುಖ ಅಂತಲೇ ನಾನು ಅದನ್ನು ಆರಿಸಿಕೊಂಡೆ. ಎಲ್ಲಾ ಬರೆಯಬೇಕಿಲ್ಲ, ಉಳಿದದ್ದನ್ನು ನೋಡುವವರೇ ತುಂಬಿಕೊಳ್ಳುತ್ತಾರೆ.

ಫೋಟೊ ಆರಿಸುವುದರಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಬೆಳಕು ಒಂದೇ ಕಡೆಯಿಂದ ಬಿದ್ದಿರಬೇಕು. ಎದುರಿಗೆ ಫ್ಲ್ಯಾಶ್ ಹೊಡೆದದ್ದು ಬೇಡವೇ ಬೇಡ, ಮುಖ ಚಪ್ಪಟೆಯಾಗಿರುತ್ತದೆ. ಮೊಬೈಲ್‌ನಲ್ಲಿ ಕಪ್ಪು-ಬಿಳುಪು ಮಾಡಿ, ಕಾಂಟ್ರಾಸ್ಟ್ ಏರಿಸುತ್ತಾ ಹೋದೆ. ನಡುವಿನ ಬೂದು ಬಣ್ಣ ಎಲ್ಲಾ ಹೋಗಿ ಕೊನೆಗೆ ಉಳಿದದ್ದು ದಟ್ಟ ಕೂದಲು, ಹುಬ್ಬಿನ ಕೆಳಗಿನ ನೆರಳು, ಮೂಗಿನ ಒಂದು ಮಗ್ಗುಲು, ಮೀಸೆ, ಗಡ್ಡ. ಇಷ್ಟೇ ನನ್ನ ಚಿತ್ರ.

ಎಚ್‌ಬಿ ಪೆನ್ಸಿಲ್‌ನಲ್ಲಿ ತೆಳುವಾಗಿ ಅಳತೆ ಹಾಕಿದೆ. ನೆತ್ತಿಯಿಂದ ಗದ್ದದವರೆಗಿನ ಎತ್ತರದಲ್ಲಿ ಕಣ್ಣು ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ. ಎರಡು ಕಣ್ಣಿನ ನಡುವೆ ಇನ್ನೊಂದು ಕಣ್ಣಿನಷ್ಟು ಜಾಗ. ಇದೆಲ್ಲ ಗೊತ್ತಿರುವ ವಿಷಯ, ಅಲ್ವಾ?

ಜಾಸ್ತಿ ಹೊತ್ತು ಹಿಡಿದದ್ದು ಕಣ್ಣು. ಹುಬ್ಬು ಬೇರೆ, ರೆಪ್ಪೆ ಬೇರೆ, ಗುಡ್ಡೆ ಬೇರೆ ಅಂತ ಬರೆಯದೆ, ಕಣ್ಣು ಕಿರಿದು ಮಾಡಿಕೊಂಡು ನೋಡಿ, ಮೂರನ್ನೂ ಒಂದೇ ಕಪ್ಪು ತುಂಡಾಗಿ, ಎಚ್‌ಬಿಗಿಂತ ಮೆತ್ತಗೆ, ಕಪ್ಪಗೆ ಬರೆಯುವ 4ಬಿ ಪೆನ್ಸಿಲ್‌ನಲ್ಲಿ ಹಾಕಿದೆ. ಗುಡ್ಡೆಯ ನಡುವಿಗೆ ಮಾತ್ರ ಇನ್ನೂ ಕಪ್ಪಗಿನ 6ಬಿ, ಅದನ್ನು ಎಲ್ಲೆಡೆ ತಿಕ್ಕಿದರೆ ಹಾಳೆ ಮಿರಮಿರ ಹೊಳೆಯುತ್ತದೆ. ಕಣ್ಣಲ್ಲಿ ಹೊಳೆಯುವ ಬೆಳಕಿನ ಚುಕ್ಕೆ ಹಾಳೆಯ ಬಿಳಿಯೇ ಆಗಿರಬೇಕು, ಆಮೇಲೆ ರಬ್ಬರ್‌ನಿಂದ ಉಜ್ಜಿದರೆ ಅಷ್ಟು ಬೆಳ್ಳಗೆ ಬರುವುದಿಲ್ಲ. ಕೆಳರೆಪ್ಪೆಗೆ ಗೆರೆಯೇ ಇಲ್ಲ. 1990ರಲ್ಲಿ ದಾವಣಗೆರೆ ಹತ್ತಿರ ಆನಗೋಡಿನಲ್ಲಿ ಅಪಘಾತವಾಗಿ ತೀರಿಕೊಂಡಾಗ ಶಂಕರಣ್ಣನಿಗೆ ಬರೀ 35 ವರ್ಷ. ನಮಗೆ ಗೊತ್ತಿರುವುದು ಆ ಹರೆಯದ ಮುಖವೇ. ಕಣ್ಣ ಕೆಳಗೆ ಒಂದು ಗೆರೆ ಜಾಸ್ತಿ ಬಿದ್ದರೂ ಯಾರೋ ವಯಸ್ಸಾದ ಮಾಸ್ತರರು ಕೂತಂಗೆ ಕಾಣುತ್ತದೆ.

ಗಡ್ಡದಲ್ಲಿ ಒಂದೊಂದೇ ಕೂದಲು ಎಳೆಯುವ ಚಟ ತುಂಬಾ ಜನರಿಗಿದೆ. ನಾನು ಅಂಚಿಗೆ ಮಾತ್ರ ನಾಲ್ಕಾರು ಕೂದಲು ಬಿಟ್ಟು ಒಳಗೆಲ್ಲ ಸಮನಾಗಿ ಕಪ್ಪು ಹಾಕಿದೆ. ಬೆಳಕು ಬಿದ್ದ ಕಡೆ ಕೆನ್ನೆಗೆ ಗೆರೆ ಎಳೆಯಲೇ ಇಲ್ಲ. ಕಿವಿಯೂ ಇಲ್ಲ.

ಹಾಳೆ ಬಗ್ಗೆ ಒಂದು ಮಾತು. ನಮ್ಮ ಕಡೆ, ಅದರಲ್ಲೂ ಧಾರವಾಡದಲ್ಲಿ, ಮಳೆಗಾಲದ ಜಿಟಿಜಿಟಿ ಹಿಡಿದರೆ ಡ್ರಾಯಿಂಗ್ ಶೀಟ್ ಮೆತ್ತಗಾಗಿ ಪೆನ್ಸಿಲ್ ತುದಿ ಒಳಗೆ ಕೊರೆಯುತ್ತದೆ, ಆ ಗುರುತು ಯಾವ ರಬ್ಬರ್‌ಗೂ ಹೋಗಲ್ಲ. ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿಡಿ.

ನಮ್ಮ ಓಣಿಯ ಆಟೋದವರೊಬ್ಬರು ಚಿತ್ರವನ್ನು ಹತ್ತಿರದಿಂದ ನೋಡಿ, "ಕೆನ್ನಿ ಎಲ್ಲೈತ್ರೀ? ಅರ್ಧಕ್ಕ ಬಿಟ್ಟೀರೇನು?" ಅಂದರು. ನಾನೇ ಚಿತ್ರ ಹಿಡಿದುಕೊಂಡು ಬಾಗಿಲ ತನಕ ಹಿಂದೆ ಸರಿದೆ. "ಅರೆ, ಶಂಕರಣ್ಣನ ಬಂದ್ನಲ್ರೀ!" ಅಂದವರು, ತಮ್ಮ ಗಾಡಿಗೆ ಇದೇ ಬೇಕು ಅಂತ ಹಟ ಹಿಡಿದರು. ರೇಡಿಯಂ ಸ್ಟಿಕ್ಕರ್‌ಗೆ ಪೆನ್ಸಿಲ್‌ನ ಬೂದು ನಡೆಯುವುದಿಲ್ಲ, ಕತ್ತರಿಸಲು ಅಪ್ಪಟ ಕಪ್ಪೇ ಬೇಕು. ಟ್ರೇಸಿಂಗ್ ಪೇಪರ್ ಇಟ್ಟು ಮಾರ್ಕರ್‌ನಲ್ಲಿ ಮತ್ತೆ ಬರೆದುಕೊಟ್ಟೆ. ಸಣ್ಣ ಎಳೆಗಳು ಗಾಡಿ ತೊಳೆಯುವಾಗ ಕಿತ್ತು ಬರುತ್ತವೆ ಅಂತ ಅಂಗಡಿಯವರು ಹೇಳಿದ್ದಕ್ಕೆ, ಗಡ್ಡದ ಅಂಚಿನ ಆ ನಾಲ್ಕಾರು ಕೂದಲನ್ನೂ ಬಿಟ್ಟೆ.