ಫೀಚರ್ ಪಟ್ಟಿಗಿಂತ ಮೊದಲು ಕ್ಯಾಲೆಂಡರ್

‘ಬಿಲ್‌ಗಳು ಖಾಲಿ ಹಾಳೆಯಾಗಿ ಬರುತ್ತಿವೆ’ ಅಂತ ಒಂದು ಸಾಲಿನ ಮೇಲ್ ಬಂದಾಗ ಯಾರದೋ ಪ್ರಿಂಟರ್ ಕೆಟ್ಟಿರಬೇಕು ಅಂದುಕೊಂಡೆ. ಮಧ್ಯಾಹ್ನದ ಹೊತ್ತಿಗೆ ಅಂಥವು ಒಂಬತ್ತು ಮೇಲ್ ಬಂದಿದ್ದವು.

ನಮ್ಮದು ಏಳು ಜನರ ತಂಡ. ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದು, ಅದನ್ನು ವರ್ಷಗಟ್ಟಲೆ ಸಾಕಿಕೊಂಡು ಬರುವುದು ನಮ್ಮ ಕಸುಬು. ರಿಪೋರ್ಟ್ ಮುದ್ರಿಸುವ ಭಾಗವನ್ನು ನಾವೇ ಬರೆಯದೆ, ಹಣ ಕೊಟ್ಟು ಒಂದು ಕಾಂಪೊನೆಂಟ್ (ಬೇರೆಯವರು ಬರೆದಿಟ್ಟ ಸಿದ್ಧ ಭಾಗ) ತಂದು ಕೂರಿಸಿದ್ದೆವು. ಆಪರೇಟಿಂಗ್ ಸಿಸ್ಟಂ ಅಪ್‌ಡೇಟ್ ಆದಮೇಲೆ ಅದಕ್ಕೆ ಫಾಂಟ್‌ಗಳೇ ಕಾಣುತ್ತಿರಲಿಲ್ಲ. ಅದನ್ನು ಮಾರಿದ ಕಂಪನಿಗೆ ಬರೆದರೆ ಉತ್ತರ ಮರ್ಯಾದೆಯಾಗಿಯೇ ಬಂತು: ನಿಮ್ಮ ಸಪೋರ್ಟ್ ಅವಧಿ ಎರಡು ವರ್ಷದ ಹಿಂದೆ ಮುಗಿದಿದೆ, ಈ ದೋಷ ಹೊಸ ಆವೃತ್ತಿಯಲ್ಲಿ ಸರಿಹೋಗಿದೆ, ಅದನ್ನು ಕೊಳ್ಳಬಹುದು. ಕೊಂಡೆವು. ಹೊಸ ಆವೃತ್ತಿ ನಮ್ಮ ಹಳೆಯ ರನ್‌ಟೈಮ್ (ಪ್ರೋಗ್ರಾಂಗಳನ್ನು ಓಡಿಸುವ ತಳಹದಿ) ಮೇಲೆ ಓಡಲಿಲ್ಲ. ರನ್‌ಟೈಮ್ ಏರಿಸಿದರೆ ನಮ್ಮಲ್ಲಿದ್ದ ಐಡಿಇಗೆ, ಅಂದರೆ ಕೋಡ್ ಬರೆಯುವ ತಂತ್ರಾಂಶಕ್ಕೆ, ಅದರ ಗುರುತೇ ಇಲ್ಲ. ಐಡಿಇ ಏರಿಸಿದರೆ ಬಿಲ್ಡ್ ಮಾಡುವ (ಕೋಡನ್ನು ಓಡುವ ಪ್ರೋಗ್ರಾಂ ಆಗಿಸುವ) ಮಷಿನ್ ಹಳತಾಯಿತು. ಎರಡು ಸಾಲಿನ ರಿಪೇರಿ ಆಗಬೇಕಿದ್ದದ್ದು ಹನ್ನೊಂದು ವಾರ ತಿಂದಿತು.

ತಪ್ಪು ಆ ಕಂಪನಿಯದಲ್ಲ, ನನ್ನದು. ಕೊಳ್ಳುವ ಮೊದಲು ಮೂರು ಕಾಂಪೊನೆಂಟ್‌ಗಳನ್ನು ಹೋಲಿಸಿ ದೊಡ್ಡ ಪಟ್ಟಿ ಮಾಡಿದವನು ನಾನೇ. ಚಾರ್ಟ್ ಎಷ್ಟು ಬಗೆ, ಬಾರ್‌ಕೋಡ್ ಬರುತ್ತದೆಯೋ, ಎಕ್ಸೆಲ್‌ಗೆ ಹೋಗುತ್ತದೆಯೋ ಎಂದೆಲ್ಲ ಮೂವತ್ತಕ್ಕೂ ಹೆಚ್ಚು ಸಾಲು. ‘ಇದನ್ನು ಎಲ್ಲಿಯವರೆಗೆ ನೋಡಿಕೊಳ್ಳುತ್ತಾರೆ’ ಎಂಬ ಸಾಲು ಅದರಲ್ಲಿ ಇರಲೇ ಇಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದವರ ಹಾಗೆ, ಆ ಹನ್ನೊಂದು ವಾರ ಮುಗಿದ ಮೇಲೆ ಕೂತು ನಾವು ಬಳಸುವ ಟೂಲ್‌ಗಳದೆಲ್ಲ ಹೊಸ ಪಟ್ಟಿ ಶುರು ಮಾಡಿದೆ. ಅದರ ಮೊದಲ ಕಾಲಂ ಬೆಲೆಯೂ ಅಲ್ಲ, ಫೀಚರೂ ಅಲ್ಲ. ಬೆಂಬಲದ ಕೊನೆಯ ದಿನಾಂಕ.

ಈ ದಿನಾಂಕಗಳನ್ನು ಹುಡುಕುವುದು ಕಷ್ಟವಲ್ಲ, ಯಾರೂ ಮುಚ್ಚಿಟ್ಟಿರುವುದಿಲ್ಲ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪ್ರತಿ ಆವೃತ್ತಿಗೆ ಸುಮಾರು ಐದು ವರ್ಷ ಆಯುಸ್ಸು. ಜಾವಾಸ್ಕ್ರಿಪ್ಟ್ ಓಡಿಸುವ ರನ್‌ಟೈಮ್ ನೋಡ್‌ನಲ್ಲಿ ಇದುವರೆಗೆ ಸಮಸಂಖ್ಯೆಯ ಆವೃತ್ತಿಗಳು ದೀರ್ಘಾವಧಿ ಬೆಂಬಲದವು, ಬೆಸಸಂಖ್ಯೆಯವು ಬೇಗ ಬಂದು ಬೇಗ ಹೋಗುವವು. ಜಾವಾದಲ್ಲಿ ಆರು ತಿಂಗಳಿಗೊಂದು ಆವೃತ್ತಿ ಬಂದರೂ ದೀರ್ಘಾವಧಿಯವು 8, 11, 17, 21, 25. ಇಷ್ಟು ಗೊತ್ತಿದ್ದರೆ ‘ಹೊಸದು ಬಂತು, ಏರಿಸೋಣವೇ’ ಎಂಬ ಚರ್ಚೆ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ.

ಆದರೆ ದಿನಾಂಕಗಳೂ ಕದಲುತ್ತವೆ. ನೋಡ್ 16ಕ್ಕೆ 2024ರ ಏಪ್ರಿಲ್‌ವರೆಗೆ ಬೆಂಬಲ ಅಂತ ಮೊದಲು ಹೇಳಿದ್ದರು. ಅದರ ಹೊಟ್ಟೆಯೊಳಗಿದ್ದದ್ದು ಓಪನ್‌ಎಸ್‌ಎಸ್‌ಎಲ್ 1.1.1, ಡೇಟಾ ಗೂಢಲಿಪಿಗೆ ಬಳಸುವ ಲೈಬ್ರರಿ (ಬೇರೆ ಪ್ರೋಗ್ರಾಂಗಳು ಕರೆದು ಬಳಸುವ ಸಿದ್ಧ ಕೋಡ್). ಆ ಲೈಬ್ರರಿಯ ಆಯುಸ್ಸು 2023ರ ಸೆಪ್ಟೆಂಬರ್ 11ಕ್ಕೆ ಮುಗಿಯುತ್ತಿತ್ತು, ಹಾಗಾಗಿ ನೋಡ್ 16ನ್ನೂ ಅದೇ ದಿನಕ್ಕೆ ನಿಲ್ಲಿಸಿದರು. ಸರ್ವರ್‌ಗಳಲ್ಲಿ ಬಳಸುವ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಸೆಂಟ್‌ಓಎಸ್ 8ರದು ಇನ್ನೂ ದೊಡ್ಡ ಪೆಟ್ಟು: 2029ರವರೆಗೆ ಅಂದುಕೊಂಡಿದ್ದದ್ದನ್ನು 2021ರ ಕೊನೆಗೇ ಮುಗಿಸಿದರು. ಅದಕ್ಕೇ ನನ್ನ ಪಟ್ಟಿಯಲ್ಲಿ ಎರಡನೇ ಕಾಲಂ ‘ಇದು ಯಾವುದರ ಮೇಲೆ ಕೂತಿದೆ’. ಮೂರು ತಿಂಗಳಿಗೊಮ್ಮೆ ಎಲ್ಲ ಸಾಲುಗಳನ್ನೂ ಹೊಸದಾಗಿ ನೋಡುತ್ತೇನೆ. ಬೇಸರದ ಕೆಲಸ, ಒಂದು ಗಂಟೆ ಸಾಕು.

ಎಡಿಷನ್ ವಿಷಯಕ್ಕೆ, ಅಂದರೆ ಒಂದೇ ಐಡಿಇಯ ಉಚಿತ, ಅಗ್ಗದ, ದುಬಾರಿ ರೂಪಗಳ ವಿಷಯಕ್ಕೆ ಬಂದರೆ, ನಾವು ಬಹಳ ಕಾಲ ಎಲ್ಲರಿಗೂ ಒಂದೇ ದುಬಾರಿ ಎಡಿಷನ್ ಕೊಳ್ಳುತ್ತಿದ್ದೆವು. ಭೇದಭಾವ ಬೇಡ ಎಂಬ ದೊಡ್ಡ ಮನಸ್ಸು. ಒಮ್ಮೆ ಎರಡು ವಾರ ಎಲ್ಲರಿಗೂ ಒಂದೊಂದು ಕಾಗದ ಕೊಟ್ಟು, ಆ ಎಡಿಷನ್‌ನಲ್ಲಿ ಮಾತ್ರ ಸಿಗುವ ಸೌಲಭ್ಯ ಬಳಸಿದಾಗಲೆಲ್ಲ ಒಂದು ಗೆರೆ ಎಳೆಯಿರಿ ಅಂದೆ. ಏಳರಲ್ಲಿ ಐದು ಕಾಗದ ಖಾಲಿ ಬಂದವು. ಒಂದರಲ್ಲಿ ಎರಡು ಗೆರೆ. ಇನ್ನೊಂದರಲ್ಲಿ ಎಣಿಸಲಾಗದಷ್ಟು, ಪರ್ಫಾರ್ಮೆನ್ಸ್ ನೋಡಿಕೊಳ್ಳುವವಳದು ಅದು, ಪ್ರೋಗ್ರಾಂ ಎಲ್ಲಿ ನಿಧಾನವಾಗುತ್ತದೆ ಎಂದು ತೋರಿಸುವ ಪ್ರೊಫೈಲರ್ ಇಲ್ಲದೆ ಅವಳ ಕೆಲಸ ನಡೆಯುವುದಿಲ್ಲ. ಮರುವರ್ಷ ಅವಳಿಗೆ ಮಾತ್ರ ದೊಡ್ಡ ಎಡಿಷನ್ ಉಳಿಸಿಕೊಂಡೆವು.

ಪುಕ್ಕಟೆ ಎಡಿಷನ್‌ಗಳ ಷರತ್ತನ್ನು ನಾನು ಎರಡು ಸಲ ಓದುತ್ತೇನೆ, ಎರಡನೇ ಸಲ ಗಟ್ಟಿಯಾಗಿ. ಮೈಕ್ರೋಸಾಫ್ಟ್‌ನ ಐಡಿಇಯ ಉಚಿತ ಎಡಿಷನ್ ವಿಷುಯಲ್ ಸ್ಟುಡಿಯೋ ಕಮ್ಯುನಿಟಿ ಒಬ್ಬಂಟಿ ಡೆವಲಪರ್‌ಗೆ ಉಚಿತ. ಸಣ್ಣ ಸಂಸ್ಥೆಗಳಲ್ಲಿ ಒಮ್ಮೆಗೆ ಐದು ಜನ ಬಳಸಬಹುದು. 250ಕ್ಕಿಂತ ಹೆಚ್ಚು ಕಂಪ್ಯೂಟರ್ ಅಥವಾ ವರ್ಷಕ್ಕೆ ಹತ್ತು ಲಕ್ಷ ಡಾಲರ್‌ಗಿಂತ ಹೆಚ್ಚು ಆದಾಯ ಇರುವ ಕಂಪನಿಗಳಿಗೆ ಸಾಮಾನ್ಯ ಕೆಲಸಕ್ಕೆ ಅದು ಇಲ್ಲ. ಏಳು ಜನರ ನಮಗೆ ಆ ‘ಐದು’ ಎಷ್ಟು ಚುಚ್ಚಿತೆಂದು ಊಹಿಸಿಕೊಳ್ಳಿ. ಪ್ರೋಗ್ರಾಂಗಳನ್ನು ಡಬ್ಬಿಯಲ್ಲಿಟ್ಟಂತೆ ಪ್ರತ್ಯೇಕವಾಗಿ ಓಡಿಸುವ ಡಾಕರ್ ಡೆಸ್ಕ್‌ಟಾಪ್ ಕೂಡ ಎಲ್ಲರಿಗೂ ಉಚಿತವಾಗಿತ್ತು. 2021ರ ಆಗಸ್ಟ್‌ನಲ್ಲಿ ಷರತ್ತು ಬದಲಾಗಿ ದೊಡ್ಡ ಕಂಪನಿಗಳು ಹಣ ಕೊಡಬೇಕಾಯಿತು. ಇವತ್ತು ನಾವು ಮಿತಿಯೊಳಗೆ ಇದ್ದೇವೆ ಅಂದಮಾತ್ರಕ್ಕೆ ನಾಳೆಯೂ ಇರುತ್ತೇವೆ ಅಂತಲ್ಲ. ವ್ಯಾಪಾರ ಬೆಳೆಯಲಿ ಅಂತ ತಾನೇ ಎಲ್ಲರೂ ಒದ್ದಾಡುವುದು!

ಚಂದಾ ಪದ್ಧತಿಯಲ್ಲಿ ನಾನು ಕೇಳುವುದು ಒಂದೇ: ಹಣ ಕಟ್ಟುವುದು ನಿಲ್ಲಿಸಿದ ದಿನ ಕೈಯಲ್ಲಿ ಏನು ಉಳಿಯುತ್ತದೆ? ಐಡಿಇಗಳನ್ನು ಮಾರುವ ಜೆಟ್‌ಬ್ರೈನ್ಸ್‌ನವರ ವ್ಯವಸ್ಥೆಯಲ್ಲಿ ಹನ್ನೆರಡು ತಿಂಗಳು ಪೂರ್ತಿ ಕಟ್ಟಿದರೆ, ಆ ಅವಧಿಯ ಶುರುವಿನಲ್ಲಿದ್ದ ಆವೃತ್ತಿಯನ್ನು ಚಂದಾ ನಿಂತ ಮೇಲೂ ಬಳಸಬಹುದು. ಎಷ್ಟೋ ಟೂಲ್‌ಗಳಲ್ಲಿ ಅದೂ ಇಲ್ಲ, ಮರುದಿನ ಬೆಳಿಗ್ಗೆ ಬಾಗಿಲು ಹಾಕಿರುತ್ತದೆ.

‘ಜಾವಾಗೆ ಈಗ ಹಣ ಕೊಡಬೇಕಂತೆ ಹೌದಾ ಸರ್?’ ಈ ಪ್ರಶ್ನೆಯನ್ನು ವರ್ಷಕ್ಕೆ ಒಬ್ಬರಾದರೂ ಕೇಳುತ್ತಾರೆ. ಉತ್ತರ ಸ್ವಲ್ಪ ಉದ್ದ. ಮೂಲ ಒಂದೇ, ಓಪನ್‌ಜೆಡಿಕೆ ಎಂಬ ಎಲ್ಲರಿಗೂ ತೆರೆದ ಕೋಡ್ (ಜೆಡಿಕೆ ಅಂದರೆ ಜಾವಾ ಬರೆಯಲು, ಓಡಿಸಲು ಬೇಕಾದ ಸಾಮಗ್ರಿ). ಅದನ್ನು ಬಿಲ್ಡ್ ಮಾಡಿ ಕೊಡುವವರು ಹಲವರು: ಆರೇಕಲ್ ಒಂದು, ಎಕ್ಲಿಪ್ಸ್ ಟೆಮುರಿನ್ ಇನ್ನೊಂದು, ಅಮೆಜಾನ್ ಕೊರೆಟ್ಟೊ ಮತ್ತೊಂದು. ನೀವು ಬರೆದ ಕೋಡ್ ಎಲ್ಲದರ ಮೇಲೂ ಓಡುತ್ತದೆ. ವ್ಯತ್ಯಾಸ ಇರುವುದು ಭದ್ರತಾ ಅಪ್‌ಡೇಟ್‌ಗಳನ್ನು ಯಾರು, ಎಷ್ಟು ವರ್ಷ, ಯಾವ ಷರತ್ತಿನ ಮೇಲೆ ಕೊಡುತ್ತಾರೆ ಎಂಬುದರಲ್ಲಿ. ಆರೇಕಲ್‌ನ ಜೆಡಿಕೆ 17 ವ್ಯಾಪಾರಿ ಬಳಕೆಗೂ ಉಚಿತವಾಗಿತ್ತು. 2024ರ ಸೆಪ್ಟೆಂಬರ್ ನಂತರ ಬಂದ ಅಪ್‌ಡೇಟ್‌ಗಳಿಗೆ ಬೇರೆ ಲೈಸೆನ್ಸ್. ಅದೇ 17, ಅದೇ ಹೆಸರು, ಹೊಸ ಕಾಗದ. ನಾವು ಟೆಮುರಿನ್‌ಗೆ ಹೋದೆವು, ಒಂದು ಮಧ್ಯಾಹ್ನದ ಕೆಲಸವಾಯಿತು. ಹಾಗಂತ ಆರೇಕಲ್‌ಗೆ ಹಣ ಕೊಡುವವರು ಪೆದ್ದರಲ್ಲ. ನಡುರಾತ್ರಿ ಫೋನ್ ಎತ್ತುವವರು ಬೇಕಾದವರು ಅದಕ್ಕೆ ಕೊಡಲೇಬೇಕು.

ಫೋನ್ ಎತ್ತುವವರ ಮಾತು ಬಂದದ್ದರಿಂದ ಹೇಳುತ್ತೇನೆ. ಟ್ರಯಲ್ ಅವಧಿಯನ್ನು ಜನ ಟೂಲ್ ಪರೀಕ್ಷಿಸಲು ಬಳಸುತ್ತಾರೆ. ನಾನು ಅದರಲ್ಲಿ ಅರ್ಧವನ್ನು ಸಪೋರ್ಟ್ ಪರೀಕ್ಷಿಸಲು ಇಡುತ್ತೇನೆ. ಹಳೆಯ ಕಾಂಪೊನೆಂಟ್ ಬದಲಿಸುವಾಗ ಮಾರುವ ಕಂಪನಿಗಳಲ್ಲಿ ಇಬ್ಬರನ್ನು ಆರಿಸಿಕೊಂಡು, ಇಬ್ಬರಿಗೂ ಒಂದೇ ಪ್ರಶ್ನೆ ಕಳಿಸಿದೆ: ಕನ್ನಡದ ಒತ್ತಕ್ಷರಗಳು ಪಿಡಿಎಫ್‌ನಲ್ಲಿ ಒಡೆದು ಬೇರೆಬೇರೆಯಾಗಿ ಬರುತ್ತಿವೆ, ಏನು ಮಾಡಲಿ? ಮೊದಲಿನವರು ಅರ್ಧ ಗಂಟೆಯಲ್ಲಿ ಉತ್ತರಿಸಿದರು, ಫಾಂಟ್ ಬದಲಿಸಿ ನೋಡಿ ಅಂತ. ಬದಲಿಸಿದೆ, ಆಗಲಿಲ್ಲ ಅಂದೆ. ಮತ್ತೆ ಅರ್ಧ ಗಂಟೆಗೆ, ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಇನ್‌ಸ್ಟಾಲ್ ಮಾಡಿ ನೋಡಿ ಅಂತ. ಎರಡನೆಯವರು ಎರಡು ದಿನ ಸುದ್ದಿಯೇ ಇಲ್ಲ. ಮೂರನೇ ದಿನ ಬಂದ ಮೇಲ್‌ನಲ್ಲಿ ಒಂದು ಮಾದರಿ ಫೈಲ್ ಕಳಿಸಿ ಎಂದಿತ್ತು. ಮರುದಿನ, ಅಕ್ಷರ ಜೋಡಣೆಯನ್ನು ಅದಕ್ಕೆಂದೇ ಇರುವ ಹಾರ್ಫ್‌ಬಝ್ ಎಂಬ ಲೈಬ್ರರಿಗೆ ಒಪ್ಪಿಸುವ ಸೆಟ್ಟಿಂಗ್ ಎಲ್ಲಿದೆ, ಅದನ್ನು ಹಾಕಿದರೆ ಎಷ್ಟು ನಿಧಾನವಾಗುತ್ತದೆ, ಯಾವ ಒಂದು ಸಂದರ್ಭದಲ್ಲಿ ಇನ್ನೂ ತಪ್ಪು ಬರುತ್ತದೆ ಎಂದು ಬರೆದಿದ್ದರು. ತಮ್ಮ ತಪ್ಪನ್ನು ತಾವೇ ಹೇಳಿದ ಆ ಕೊನೆಯ ಸಾಲಿಗೆ ನಾನು ಸೋತೆ. ಫೀಚರ್ ಪಟ್ಟಿಯಲ್ಲಿ ಅವರದು ನಾಲ್ಕು ಸಾಲು ಕಡಿಮೆಯಿತ್ತು. ಅವರದನ್ನೇ ಕೊಂಡೆವು.

ಕೋಡ್ ಎಲ್ಲರಿಗೂ ತೆರೆದಿರುವ ಓಪನ್ ಸೋರ್ಸ್ ಆದರೆ ಕೇಳಲು ಕಂಪನಿ ಇರುವುದಿಲ್ಲ, ಆದರೆ ನೋಡಲು ಎಲ್ಲವೂ ತೆರೆದಿರುತ್ತದೆ. ಕೊನೆಯ ಕಮಿಟ್ (ಕೋಡ್‌ನಲ್ಲಿ ದಾಖಲಾದ ಬದಲಾವಣೆ) ಯಾವಾಗ ಎಂದಷ್ಟೇ ನೋಡಿದರೆ ಸಾಲದು. ಹಳೆಯ ದೂರುಗಳಲ್ಲಿ ಒಂದು ಹತ್ತನ್ನು ಪೂರ್ತಿ ಓದುತ್ತೇನೆ. ಯಾರು ಉತ್ತರಿಸುತ್ತಾರೆ? ಎಲ್ಲಕ್ಕೂ ಒಬ್ಬರೇ ಆದರೆ ಪಕ್ಕದಲ್ಲಿ ಒಂದು ಚುಕ್ಕೆ ಇಡುತ್ತೇನೆ. 2024ರ ಮಾರ್ಚ್‌ನಲ್ಲಿ ಫೈಲ್‌ಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಲೈಬ್ರರಿಯೊಳಗೆ ಕಳ್ಳತನದಿಂದ ಒಳನುಗ್ಗುವ ಹಿಂಬಾಗಿಲು ಸಿಕ್ಕಿತಲ್ಲ, ಆ ಲೈಬ್ರರಿಯನ್ನು ವರ್ಷಗಳಿಂದ ಹೆಚ್ಚುಕಡಿಮೆ ಒಬ್ಬರೇ ಎಳೆಯುತ್ತಿದ್ದರು. ನೆರವಿಗೆ ಬಂದವನಂತೆ ಒಳಹೊಕ್ಕವನೇ ಆ ಹಿಂಬಾಗಿಲನ್ನು ಇಟ್ಟಿದ್ದು. ಚುಕ್ಕೆ ಬಿದ್ದ ಲೈಬ್ರರಿಗಳನ್ನು ನಾವು ಬಿಡುವುದಿಲ್ಲ, ಅವುಗಳನ್ನು ಕೋಡ್‌ನ ಒಂದೇ ಮೂಲೆಯಿಂದ ಕರೆಯುವ ಹಾಗೆ ಇಡುತ್ತೇವೆ. ಬದಲಿಸಬೇಕಾಗಿ ಬಂದರೆ ಆ ಮೂಲೆ ಒಂದನ್ನೇ ಕೆಡವಿದರಾಯಿತು.

ಎಡಿಟರ್ ಯಾವುದು ಎಂಬ ಜಗಳದಿಂದ ಮಾತ್ರ ನಾನು ನಿವೃತ್ತನಾಗಿದ್ದೇನೆ. ಬಿಲ್ಡ್ ಕಮಾಂಡ್ ಲೈನ್‌ನಿಂದ, ಅಂದರೆ ಯಾವ ಎಡಿಟರೂ ಇಲ್ಲದೆ ಟೈಪಿಸಿದ ಆಜ್ಞೆಯಿಂದಲೇ ಆಗಬೇಕು, ಇದೊಂದೇ ನಿಯಮ. ಅದು ಆದರೆ ಯಾರು ಯಾವುದರಲ್ಲಿ ಬರೆದರೇನು? ಗಿಟ್‌ಹಬ್ 2022ರ ಡಿಸೆಂಬರ್‌ನಲ್ಲಿ ಆಟಮ್ ಎಡಿಟರ್ ನಿಲ್ಲಿಸಿದಾಗ ನಮ್ಮಲ್ಲಿ ಇಬ್ಬರು ಅದನ್ನು ಬಳಸುತ್ತಿದ್ದರು. ಒಂದು ದಿನ ಗೊಣಗಿದರು, ಮರುದಿನ ಬೇರೆಯದರಲ್ಲಿ ಕೂತಿದ್ದರು. ಬಿಲ್ಡ್‌ಗೆ ಅದು ಗೊತ್ತೂ ಆಗಲಿಲ್ಲ.

ಈಗ ಪಟ್ಟಿಯಲ್ಲಿ ಕೆಂಪು ಬಣ್ಣ ಬಳಿದಿರುವುದು ಎರಡು ಸಾಲಿಗೆ. ನಮ್ಮ ಹಳೆಯ ಸರ್ವಿಸ್ ಮೈಕ್ರೋಸಾಫ್ಟ್‌ನ ರನ್‌ಟೈಮ್ ಆದ ಡಾಟ್‌ನೆಟ್ 8ರ ಮೇಲಿದೆ, ಅದು ದೀರ್ಘಾವಧಿಯದು, ಕೊನೆ 2026ರ ನವೆಂಬರ್ 10. ಇನ್ನೊಂದನ್ನು ಹುರುಪಿನಲ್ಲಿ 9ಕ್ಕೆ ಏರಿಸಿದ್ದೆವು. ಅಲ್ಪಾವಧಿ ಆವೃತ್ತಿಗಳ ಆಯುಸ್ಸನ್ನು ಮೈಕ್ರೋಸಾಫ್ಟ್ 2025ರಲ್ಲಿ ಹದಿನೆಂಟು ತಿಂಗಳಿಂದ ಇಪ್ಪತ್ತನಾಲ್ಕಕ್ಕೆ ಹೆಚ್ಚಿಸಿದ್ದರಿಂದ ಅದರ ಕೊನೆಯೂ ಅದೇ ದಿನ. ‘ಹಾಗಾದರೆ 9ಕ್ಕೆ ಹೋಗಿ ನಮಗೆ ಸಿಕ್ಕಿದ್ದೇನು ಸರ್?’ ಅಂತ ತಂಡಕ್ಕೆ ಹೊಸದಾಗಿ ಸೇರಿದ ಹುಡುಗಿ ಕೇಳಿದಳು. ಎರಡನ್ನೂ ಒಟ್ಟಿಗೆ 10ಕ್ಕೆ ಏರಿಸುವ ಕೆಲಸವನ್ನು ಅವಳಿಗೇ ಒಪ್ಪಿಸಿದ್ದೇನೆ.