ಕ್ಯಾಸೆಟ್ಟಿಗಿಂತ ಕಾಗದ ದುಬಾರಿ

ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಭಾನುವಾರದ ಬಜಾರಿನಲ್ಲಿ, ಹಳೆಯ ಚಿತ್ರಗೀತೆಗಳ ರಾಶಿಯ ಅಡಿಯಲ್ಲಿ ಹದಿಮೂರು ಕ್ಯಾಸೆಟ್ ಸಿಕ್ಕವು. ವ್ಯಾಪಾರಿ ಒಂದನ್ನು ತನ್ನ ಟೇಪ್ ರೆಕಾರ್ಡರಿಗೆ ಹಾಕಿದ. ಕೀಂ ಎಂದು ಒಂದೇ ಸ್ವರ, ಆಮೇಲೆ ಕಿವಿ ಹರಿಯುವಂತಹ ಕರಕರ. ಅವನು ಮುಖ ಸಿಂಡರಿಸಿ, "ಕೆಟ್ಟಿದೆ ಸಾರ್, ಎಲ್ಲಾ ಸೇರಿ ಮುನ್ನೂರು ಕೊಡಿ" ಎಂದ. ಕೆಟ್ಟಿರಲಿಲ್ಲ. ಅದು ಜೆಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಹಳೆಯ ಕಂಪ್ಯೂಟರಿನ ಆಟ. ಆಗ ಆಟಗಳನ್ನು ಕ್ಯಾಸೆಟ್ಟಿನಲ್ಲಿ ಸದ್ದಾಗಿ ತುಂಬಿಸಿ ಮಾರುತ್ತಿದ್ದರು. ಖುಷಿಯನ್ನು ಮುಖದ ಮೇಲೆ ಬರಗೊಡದೆ ಇನ್ನೂರೈವತ್ತಕ್ಕೆ ಇಳಿಸಿ ಎತ್ತಿಕೊಂಡು ಬಂದೆ. ನನ್ನ ಹವ್ಯಾಸ ಶುರುವಾದದ್ದು ಅಲ್ಲಿಂದ.

ಸ್ಪೆಕ್ಟ್ರಮ್ 1982ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಮನೆಬಳಕೆಯ ಕಂಪ್ಯೂಟರ್. ರಬ್ಬರಿನ ಕೀಲಿಗಳು, 48 ಕೆಬಿ ಮೆಮೊರಿ, ಪರದೆಗೆ ಮನೆಯ ಟಿವಿ. ನಮ್ಮ ಸೋದರಮಾವ 1985ರಲ್ಲಿ ಅಲ್ಲಿಂದ ಒಂದನ್ನು ತಂದು ಬಸವನಗುಡಿಯ ಮನೆಯಲ್ಲಿ ಇಟ್ಟಿದ್ದರು. ಆಟ ಟಿವಿಯ ಮೇಲೆ ಮೂಡಲು ಐದು ನಿಮಿಷ ಬೇಕಾಗುತ್ತಿತ್ತು. ಅಷ್ಟು ಹೊತ್ತು ಯಾರೂ ಮಿಸುಕುವಂತಿರಲಿಲ್ಲ.

ಮೂವತ್ತು ವರ್ಷಗಳ ಮೇಲೆ ಅದೇ ಯಂತ್ರವನ್ನು ಅಟ್ಟದಿಂದ ಇಳಿಸಿ, ಒಂಬತ್ತು ವೋಲ್ಟ್ ಎಂದು ಬರೆದಿದ್ದ ಅಡಾಪ್ಟರ್ ಸಿಕ್ಕಿಸಿದೆ. ಬಹುಪಾಲು ಅಡಾಪ್ಟರುಗಳ ಪಿನ್ನಿನಲ್ಲಿ ನಡುವೆ ಪ್ಲಸ್ ಇರುತ್ತದೆ. ಸ್ಪೆಕ್ಟ್ರಮ್‌ಗೆ ನಡುವೆ ಮೈನಸ್ ಬೇಕು. ಒಂದು ಟ್ರಾನ್ಸಿಸ್ಟರ್, ಎರಡು ಮೆಮೊರಿ ಚಿಪ್ ಸತ್ತವು. ಎಸ್‌.ಪಿ. ರಸ್ತೆಯಲ್ಲಿ ಟ್ರಾನ್ಸಿಸ್ಟರ್ ಅರ್ಧ ಗಂಟೆಯಲ್ಲಿ ಸಿಕ್ಕಿತು, ಚಿಪ್‌ಗಳಿಗೆ ಮೂರು ತಿಂಗಳು ಅಲೆದೆ.

ಕ್ಯಾಸೆಟ್ ಓದಿಸುವುದು ಇನ್ನೊಂದು ಕಸುಬು. ಟೇಪ್ ರೆಕಾರ್ಡರಿನಲ್ಲಿ ಟೇಪನ್ನು ಓದುವ ಹೆಡ್ಡಿನ ಪಕ್ಕದಲ್ಲಿ ಒಂದು ಪುಟ್ಟ ಸ್ಕ್ರೂ ಇರುತ್ತದೆ. ಟೇಪು ಓಡುತ್ತಿರುವಾಗಲೇ ಅದನ್ನು ಕೂದಲೆಳೆಯಷ್ಟು ತಿರುಗಿಸುತ್ತ ಹೋದರೆ ಮಂಕಾಗಿದ್ದ ಕರಕರ ಒಂದು ಹಂತದಲ್ಲಿ ಚುರುಕಾಗುತ್ತದೆ. ಅಲ್ಲಿ ಕೈ ನಿಲ್ಲಿಸಬೇಕು. ಪರದೆಯ ಅಂಚಿನಲ್ಲಿ ಕೆಂಪು ಮತ್ತು ತಿಳಿನೀಲಿ ಪಟ್ಟೆಗಳು ಮೊದಲು ಬಂದು, ನಂತರ ನೀಲಿ ಮತ್ತು ಹಳದಿಯ ಸಪೂರ ಗೆರೆಗಳು ಕುಣಿಯತೊಡಗಿದರೆ ಆಟ ಒಳಗೆ ಹೋಗುತ್ತಿದೆ ಎಂದರ್ಥ. ನಮ್ಮೂರಿನ ಮಳೆಗಾಲಕ್ಕೆ ಟೇಪಿಗೆ ಬೂಷ್ಟು ಹಿಡಿಯುತ್ತದೆ. ಬಿಳಿ ಚುಕ್ಕೆ ಕಂಡರೆ ನಾನು ಅದನ್ನು ರೆಕಾರ್ಡರಿಗೆ ಹಾಕುವುದೇ ಇಲ್ಲ, ಉಳಿದ ಟೇಪುಗಳಿಗೂ ಅಂಟುತ್ತದೆ.

ಬೆಲೆಯ ವಿಷಯದಲ್ಲಿ ಪೆಟ್ಟು ತಿಂದೇ ಕಲಿತದ್ದು. 1984ರ ಜೆಟ್ ಸೆಟ್ ವಿಲ್ಲಿ ಎಂಬ ಆಟವನ್ನು ಇಂಗ್ಲೆಂಡಿನಿಂದ ತರಿಸಿದೆ. ಕ್ಯಾಸೆಟ್ಟಿಗಿಂತ ಅಂಚೆಯ ಖರ್ಚೇ ಹೆಚ್ಚಾಯಿತು. ಲೋಡ್ ಆದಮೇಲೆ ಪರದೆ ಒಂದು ಚೌಕದ ಗುರುತು ಹೇಳಿ ಅಲ್ಲಿನ ಬಣ್ಣಗಳನ್ನು ಕೇಳಿತು. ಸರಿಯಾಗಿ ಹೇಳದಿದ್ದರೆ ಆಟ ಶುರುವಾಗುವುದಿಲ್ಲ. ಉತ್ತರವಿದ್ದದ್ದು ಡಬ್ಬಿಯ ಜೊತೆ ಬರಬೇಕಿದ್ದ ಬಣ್ಣದ ಚೌಕಗಳ ಕಾರ್ಡಿನಲ್ಲಿ, ಅದೇ ಇರಲಿಲ್ಲ. ಆಗಿನ ಕಪ್ಪುಬಿಳುಪು ಜೆರಾಕ್ಸಿಗೆ ಬಗ್ಗಬಾರದೆಂದೇ ಬಣ್ಣ ಬಳಸಿದ್ದರು. ಟೇಪನ್ನು ಯಾರು ಬೇಕಾದರೂ ನಕಲು ಮಾಡಬಹುದಿತ್ತು, ಕಾರ್ಡನ್ನು ಆಗುತ್ತಿರಲಿಲ್ಲ. ಹಾಗಾಗಿ ಇವತ್ತಿಗೂ ಸಂಗ್ರಾಹಕರು ಹಣ ಕೊಡುವುದು ಕಾಗದಕ್ಕೆ: ಮುಖಚೀಟಿ, ಕೈಪಿಡಿ, ಕಾರ್ಡು. ಅಂದಿನಿಂದ, ಮಾರುವವರು ಕೇಳುವ ಬೆಲೆಯನ್ನು ನೋಡುವುದನ್ನೇ ಬಿಟ್ಟೆ. ಮಾರಾಟವಾಗಿ ಮುಗಿದ ಬೆಲೆಗಳನ್ನು ಮಾತ್ರ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ, ಕಾಗದ ಪೂರ್ತಿ ಇದ್ದವಕ್ಕೆ ಒಂದು ಸಾಲು, ಇಲ್ಲದವಕ್ಕೆ ಇನ್ನೊಂದು. ಮಾಸ್ಟರ್‌ಟ್ರಾನಿಕ್ ಕಂಪನಿಯ 1.99 ಪೌಂಡಿನ ಅಗ್ಗದ ಆಟಗಳು ರಾಶಿರಾಶಿ ಸಿಗುತ್ತವೆ. ಅವುಗಳ ಮೇಲೆ ದುಡ್ಡು ಸುರಿಯಬೇಡಿ.

ಎರಡನೆಯ ಪೆಟ್ಟು ಮ್ಯಾನಿಕ್ ಮೈನರ್ ಎಂಬ ಆಟದ್ದು. 1983ರಲ್ಲಿ ಅದನ್ನು ಮೊದಲು ಹೊರತಂದದ್ದು ಬಗ್‌ಬೈಟ್ ಕಂಪನಿ. ಬರೆದ ಮ್ಯಾಥ್ಯೂ ಸ್ಮಿತ್ ಅಲ್ಲಿಂದ ಹೊರಬಿದ್ದು, ಆಟವನ್ನೂ ತಮ್ಮ ಸಾಫ್ಟ್‌ವೇರ್ ಪ್ರಾಜೆಕ್ಟ್ಸ್ ಕಂಪನಿಗೆ ಒಯ್ದರು. ಬಗ್‌ಬೈಟ್ ಮುದ್ರಣ ಸ್ವಲ್ಪ ಕಾಲವಷ್ಟೇ ಮಾರಾಟದಲ್ಲಿದ್ದದ್ದರಿಂದ ಅದಕ್ಕೇ ಬೇಡಿಕೆ. ಎರಡನ್ನೂ ಗುರುತಿಸಲು ಒಂದು ಉಪಾಯವಿದೆ. ಆಡುತ್ತಿರುವಾಗ 6031769 ಎಂದು ಒತ್ತಿದರೆ ಬಗ್‌ಬೈಟ್ ಆಟದಲ್ಲಿ ಪರದೆಯ ಕೆಳಗೆ ಒಂದು ಬೂಟು ಕಾಣಿಸಿಕೊಳ್ಳುತ್ತದೆ. ಇನ್ನೊಂದಕ್ಕೆ ಆ ಸಂಖ್ಯೆ ನಡೆಯುವುದಿಲ್ಲ, ಅದು ಟೈಪ್‌ರೈಟರ್ ಎಂಬ ಪದ ಕೇಳುತ್ತದೆ. ನನಗೆ ಬಂದ ಬಗ್‌ಬೈಟ್ ಡಬ್ಬಿಯೊಳಗಿನ ಟೇಪಿನ ಲೇಬಲ್ ಸವೆದಿತ್ತು. ಸಂಖ್ಯೆ ಒತ್ತಿದೆ. ಬೂಟಿಲ್ಲ. ಯಾರೋ ಹಳೆಯ ಡಬ್ಬಿಗೆ ಬೇರೆ ಟೇಪು ತುರುಕಿದ್ದರು. ಪತ್ರ ಬರೆದು ಜಗಳವಾಡಿ ಅರ್ಧ ಹಣ ವಾಪಸು ಪಡೆದೆ.

ಆಮೇಲೆ ಮಾವನ ಹಳೆಯ ಕ್ಯಾಸೆಟ್ ನೆನಪಾಯಿತು. ಖಾಲಿ ಟೇಪಿಗೆ ಸ್ನೇಹಿತರಿಂದ ಇಳಿಸಿಕೊಂಡ ನಕಲು. ಲೇಬಲ್ಲಿನ ಮೇಲೆ ನೀಲಿ ಬಾಲ್‌ಪೆನ್ನಿನಲ್ಲಿ "ಮ್ಯಾನಿಕ್ 045" ಎಂದು ಅವರದೇ ಅಕ್ಷರ, ರೆಕಾರ್ಡರಿನ ಮೀಟರಿನಲ್ಲಿ ಆಟ ಶುರುವಾಗುವ ಅಂಕಿ. ಸ್ಕ್ರೂ ತಿರುಗಿಸಿ ನಾಲ್ಕನೆಯ ಸಲಕ್ಕೆ ಲೋಡ್ ಮಾಡಿ ಸಂಖ್ಯೆ ಒತ್ತಿದೆ. ಬೂಟು ಬಂತು! ನಾನು ದುಡ್ಡು ಸುರಿದು ಹುಡುಕಿದ ಮೊದಲ ಮುದ್ರಣದ ನಕಲು ಮನೆಯಲ್ಲೇ ಇತ್ತು. ಆದರೆ ನಕಲಿಗೆ ಮಾರುಕಟ್ಟೆಯಲ್ಲಿ ಚಿಕ್ಕಾಸೂ ಹುಟ್ಟುವುದಿಲ್ಲ. ನೋಟ್‌ಬುಕ್ಕಿನಲ್ಲಿ ಸೊನ್ನೆ ಎಂದು ಬರೆದು, ಮೈಸೂರಿನಲ್ಲಿರುವ ಮಾವನಿಗೆ ಫೋನಿನಲ್ಲಿ ಹೇಳಿದೆ.

"ಖಾಲಿ ಕ್ಯಾಸೆಟ್ಟಿಗೆ ದುಡ್ಡು ಕೊಟ್ಟಿದ್ದೆ ಕಣಯ್ಯ, ಅದನ್ನಾದರೂ ಬರೆದುಕೊ" ಎಂದರು.